ಸೂಜಿರಾಯರೂ ಬುದ್ಧಿಯಿರುವ ಬ್ರೇಕೂ

ಸೂಜಿರಾಯರ ಮೋಟಾರ್ ಸೈಕಲ್ಲಿನ ಹಿಂದಿನ ಸೀಟು ಖಾಲಿ ಬಿದ್ದು ಅಂದಿಗೆ ಹನ್ನೊಂದು ದಿನವಾಗಿತ್ತು.

ಸೀಟು ಖಾಲಿಯಾದರೆ ಆಕಾಶವೇನು ಕಳಚಿ ಬೀಳುತ್ತದೆಯೇ ಎಂದು ಕೇಳುವವರು ರಾಯರ ಸಂಸಾರವನ್ನು ಹತ್ತಿರದಿಂದ ನೋಡಿದವರಲ್ಲ. ರಾಯರದು ಹೊಲಿಗೆ ಮೆಷಿನ್ ರಿಪೇರಿ ಕೆಲಸ. ಅಂಗಡಿಯಿಂದ ಅಂಗಡಿಗೆ, ಮನೆಯಿಂದ ಮನೆಗೆ ಓಡಾಡಿ, ಮುನಿಸಿಕೊಂಡ ಮೆಷಿನ್ನುಗಳಿಗೆ ಎಣ್ಣೆ ಬಿಟ್ಟು, ಬೆಲ್ಟು ಬಿಗಿಮಾಡಿ, ಸಮಾಧಾನಪಡಿಸಿ ಬರುವವರು. ಅವರ ಹೆಂಡತಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವಾಕೆ. ಹಾಗಾಗಿ ಬೀದಿಯವರ ಬಾಯಲ್ಲಿ ಇವರು ಸೂಜಿರಾಯರು, ಆಕೆ ಕತ್ತರಿಯಮ್ಮ. (ಮನೆಯೊಳಗೂ ಹಾಗೇ. ರಾಯರು ಮಾತಿಗೆ ಮಾತು ಪೋಣಿಸಿಕೊಂಡು ಬರುವಷ್ಟರಲ್ಲಿ ಆಕೆ ಕತ್ತರಿಸಿ ಮುಗಿಸಿರುತ್ತಿದ್ದರು.)

ಮನೆಯಲ್ಲಿ ಕತ್ತರಿಯಮ್ಮನಿಗೆ ಮಾತಾಡಲು ಪುರಸೊತ್ತೇ ಇರಲಿಲ್ಲ. ಬೆಳಗ್ಗೆ "ಏಳಿ", ಮಧ್ಯೆ "ಕಾಲು ತೆಗೀರಿ, ಒರೆಸ್ಬೇಕು", ರಾತ್ರಿ "ದೀಪ ಆರಿಸಿ", ಇಷ್ಟರಲ್ಲೇ ಸಂಸಾರ ಸಾಗುತ್ತಿತ್ತು. ಆದರೆ ದಿನಾ ಬೆಳಗ್ಗೆ ಎಂಟೂವರೆಗೆ ಆಕೆ ಮೋಟಾರ್ ಸೈಕಲ್ ಹತ್ತಿ, ರಾಯರ ಭುಜದ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಯಿ ತಂದರೆಂದರೆ ಬೇರೆಯೇ ಹೆಂಗಸು. ಕಾರ್ಖಾನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರ ಮಗಳು ಯಾರನ್ನು ಒಪ್ಪಿದಳು, ತನಗೆ ನಿನ್ನೆ ಯಾಕೆ ಅಳು ಬಂತು, ಎಲ್ಲವೂ ಆ ಇಪ್ಪತ್ತು ನಿಮಿಷದಲ್ಲಿ ರಾಯರ ಎಡಗಿವಿಗೆ ಹರಿದು ಬರುತ್ತಿತ್ತು. ರಾಯರು "ಹೂಂ" ಅನ್ನುತ್ತಿದ್ದರು. ಇಪ್ಪತ್ತನಾಲ್ಕು ವರ್ಷ ಹೂಂ ಅಂದಿದ್ದರು. ಬೇಕಂತಲೇ ಸಿಗ್ನಲ್ ಜಾಸ್ತಿ ಇರುವ ರಸ್ತೆಯಲ್ಲೇ ಹೋಗುತ್ತಿದ್ದರು ಎಂಬುದನ್ನು ಮಾತ್ರ ಆಕೆಗೆ ಯಾವತ್ತೂ ಹೇಳಿರಲಿಲ್ಲ.

ಅಂಥ ಸೀಟು ಅದು.

ಹನ್ನೊಂದು ದಿನದ ಹಿಂದೆ ತಿರುವಿನಲ್ಲಿ ನಿಂತಿದ್ದ ಕಾರಿನವನೊಬ್ಬ ಹಿಂದೆ ಮುಂದೆ ನೋಡದೆ ಬಾಗಿಲು ತೆಗೆದ. ರಾಯರು ಗಬಕ್ಕನೆ ಬ್ರೇಕ್ ಹಿಡಿದರು. ಟ್ಯಾಂಕರಿನಿಂದ ನೀರು ಸೋರಿ ರಸ್ತೆ ಒದ್ದೆಯಾಗಿತ್ತು. ಮುಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿತು, ಗಾಡಿ ನಿಲ್ಲಲಿಲ್ಲ. ಮೆಲ್ಲಗೆ, ಬಹಳ ಮರ್ಯಾದೆಯಿಂದ, ಪಕ್ಕಕ್ಕೆ ಮಲಗಿಕೊಂಡಿತು. ರಾಯರು ಗಾಡಿಯ ಮೇಲೆ ಬಿದ್ದರು. ಕತ್ತರಿಯಮ್ಮ ಯಾರೋ ಮನೆ ಕಟ್ಟಲು ತರಿಸಿದ್ದ ಮರಳಿನ ಗುಡ್ಡೆಯ ಮೇಲೆ ಬಿದ್ದರು. ಇಬ್ಬರಿಗೂ ಒಂದು ಗೀರೂ ಆಗಲಿಲ್ಲ. ಆಕೆ ಎದ್ದು, ಸೀರೆ ಕೊಡವಿ, ಊಟದ ಡಬ್ಬಿ ತೆಗೆದು ನೋಡಿದರು. ಅದರ ತುಂಬ ಮರಳು.

"ಇನ್ಮೇಲೆ ನಾನು ಬಸ್ಸಲ್ಲಿ ಹೋಗ್ತೀನಿ" ಎಂದರು.

ಕೋಪದಲ್ಲಿ ಅಂದಿದ್ದು, ನಾಳೆ ಸರಿಹೋಗುತ್ತದೆ ಎಂದುಕೊಂಡಿದ್ದರು ರಾಯರು. ಮರುದಿನವೂ ಬಸ್ಸು. ಅದರ ಮರುದಿನವೂ ಬಸ್ಸು. ಮೊದಲೇ ಮುದಿಯಾಗಿದ್ದ ಗಾಡಿ ಬಿದ್ದ ಏಟಿಗೆ ಸೊಟ್ಟಗಾಗಿ, ಎಡಕ್ಕೆ ತಿರುಗಿಸಿದರೆ ಮಾತ್ರ ನೇರ ಹೋಗುತ್ತಿತ್ತು. ಹೊಸದು ಕೊಳ್ಳಲೇಬೇಕು ಎಂದಾಗ ಕತ್ತರಿಯಮ್ಮ ಷರತ್ತು ಹಾಕಿದರು.

"ತಗೊಳ್ಳಿ. ಆದರೆ ಎಬಿಎಸ್ ಇರೋದು ತಗೊಳ್ಳಿ. ಇಲ್ಲದಿದ್ರೆ ನನ್ನ ಜಾಗದಲ್ಲಿ ನಿಮ್ಮ ಟೂಲ್ ಬಾಕ್ಸ್ ಕೂರಿಸ್ಕೊಂಡು ಓಡಾಡಿ."

"ಎಬಿಎಸ್ಸಾ? ಅದೇನೂ ಅಂತ ಗೊತ್ತೇನೇ ನಿಂಗೆ?"

"ಜಾರದೇ ಇರೋ ಬ್ರೇಕು. ಕಾರ್ಖಾನೇಲಿ ಹೇಳಿದ್ರು. ನಿಮಗೇನು ಗೊತ್ತು?"

"ನಂಗೂ... ಅಷ್ಟೇ ಗೊತ್ತು."

"ಮತ್ತೆ ಬೇಡ ಅಂತ ಯಾಕೆ ಮುಖ ಸಿಂಡರಿಸ್ತೀರಿ?"

"ಬೇಕೂ ಅಂತ ನೀನ್ಯಾಕೆ ಹಟ ಹಿಡೀತೀಯ?"

"ಬಿದ್ದೋಳು ನಾನು" ಎಂದರು ಕತ್ತರಿಯಮ್ಮ.

"ನಾನೂ ಬಿದ್ದೆ ಕಣೇ!"

"ನೀವು ಬೀಳಿಸಿದ್ರಿ. ಅದರ ಜೊತೇಲಿ ಬಿದ್ರಿ. ಅದು ಬೇರೆ."

ರಾಯರ ಸಂಕಟ ಬೆಲೆಯದಲ್ಲ, ಮಾನದ್ದು. ಮೂವತ್ತು ವರ್ಷ ಗಾಡಿ ಓಡಿಸಿದ ಕೈ. ಮೆಷಿನ್ನಿನ ಮೈಮೇಲೆ ಬೆರಳಿಟ್ಟರೆ ಒಳಗೆ ಯಾವ ಹಲ್ಲು ಸವೆದಿದೆ ಎಂದು ಹೇಳಬಲ್ಲ ಕೈ. ಅಂಥ ಕೈಗೂ ಚಕ್ರಕ್ಕೂ ನಡುವೆ ಒಂದು ಪೆಟ್ಟಿಗೆಯನ್ನು ದಲ್ಲಾಳಿಯಂತೆ ಕೂರಿಸುವುದೇ? ಆದರೂ ತಿಳಿದವರನ್ನು ಕೇಳೋಣವೆಂದು ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹೋದರು.

"ಅಯ್ಯೋ ಬಿಡಿ ಅಣ್ಣ" ಎಂದ ಮೇಸ್ತ್ರಿ, ಕೈಗೆ ಮೆತ್ತಿದ ಗ್ರೀಸನ್ನು ಚಡ್ಡಿಗೆ ಒರೆಸಿಕೊಳ್ಳುತ್ತ. "ಅದೆಲ್ಲ ಬ್ರೇಕ್ ಹಿಡಿಯೋಕೆ ಬರದೇ ಇರೋರಿಗೆ. ನಿಮ್ಮಂಥ ಕೈ ಇರೋರಿಗೆ ಯಾಕೆ? ನಾಳೆ ಅದು ಕೆಟ್ರೆ ನನ್ನ ಹತ್ರ ತರ್ತೀರಿ, ನಾನು ಅದರ ಮುಖ ನೋಡ್ತೀನಿ, ಅದು ನನ್ನ ಮುಖ ನೋಡುತ್ತೆ."

ರಾಯರಿಗೆ ಬಹಳ ಹಿತವಾಯಿತು. ಅದೇ ಹಿತದಲ್ಲಿ ಹೆಂಡತಿಯ ಅಣ್ಣನ ಮನೆಗೆ ಹೋದರು. ಇವರು ಬಹಳ ವರ್ಷ ಲಾರಿ ಓಡಿಸಿ ಈಗ ಸೊಂಟ ನೋವಿನಿಂದ ಮನೆಯಲ್ಲಿ ಕೂತವರು. ಎಲ್ಲರಿಗೂ ಲಾರಿ ಭಾವ.

"ಭಾವ, ಕಣ್ಣು ಮುಚ್ಕೊಂಡು ಎಬಿಎಸ್ ತಗೊಳ್ಳಿ" ಎಂದರು ಲಾರಿ ಭಾವ. "ಗಾಬರಿ ಆದಾಗ ಕೈ ಯಾರ ಮಾತು ಕೇಳುತ್ತೆ? ನಾನು ಒಂದ್ಸಲ ಲಾರೀನ ಅಡ್ಡಡ್ಡ ನಿಲ್ಸಿದ್ದೆ, ರಸ್ತೆ ಆ ಕಡೆ ಅರ್ಧ, ಈ ಕಡೆ ಅರ್ಧ. ಅವತ್ತು ಈ ಬ್ರೇಕ್ ಇದ್ದಿದ್ರೆ ನನ್ನ ಸೊಂಟ ಇವತ್ತು ನೆಟ್ಟಗಿರ್ತಿತ್ತು."

ಇದೂ ಸರಿ ಅನ್ನಿಸಿತು. ರಾಯರ ತಲೆ ಗಿರ್ರೆಂದಿತು. ಇಬ್ಬರನ್ನೂ ಎದುರುಬದುರು ಕೂರಿಸಿಬಿಟ್ಟರೆ ಯಾರಾದರೊಬ್ಬರು ಸೋತು ವಿಷಯ ಇತ್ಯರ್ಥವಾಗುತ್ತದೆಂದು ಭಾನುವಾರ ಇಬ್ಬರನ್ನೂ ಮನೆಗೆ ಕರೆದು ಟೀ ಕೊಡಿಸಿದರು. ಒಂದು ಗಂಟೆ ವಾದ ನಡೆಯಿತು. ಸಣ್ಣ ಜಲ್ಲಿಯ ಮೇಲೆ ಈ ಬ್ರೇಕ್ ಹಿಡಿದರೆ ಗಾಡಿ ನಿಲ್ಲಲು ಇನ್ನೂ ದೂರ ಬೇಕಂತೆ ಎಂದ ಮೇಸ್ತ್ರಿ. ನಿಮ್ಮ ಗ್ಯಾರೇಜಿಗೆ ಬಂದ ಸೊಟ್ಟ ಗಾಡಿಗಳಲ್ಲಿ ಎಷ್ಟು ಬ್ರೇಕ್ ಸಿಕ್ಕಿಕೊಂಡು ಜಾರಿದ್ದು, ಲೆಕ್ಕ ಹೇಳಿ ಎಂದರು ಲಾರಿ ಭಾವ. ಮೇಸ್ತ್ರಿ ಯೋಚಿಸಿದ. ಭಾವನವರೂ ಜಲ್ಲಿಯ ಬಗ್ಗೆ ಯೋಚಿಸಿದರು. ರಾಯರು ಮೈಯೆಲ್ಲ ಕಿವಿಯಾಗಿ ಕೂತಿದ್ದರು.

ಕೊನೆಗೆ ಮೇಸ್ತ್ರಿ ಎದ್ದು, "ಅಣ್ಣ, ಇವರು ಹೇಳೋದ್ರಲ್ಲಿ ನ್ಯಾಯ ಇದೆ. ಎಬಿಎಸ್ಸೇ ತಗೊಳ್ಳಿ" ಎಂದ.

ಅದೇ ಹೊತ್ತಿಗೆ ಲಾರಿ ಭಾವ, "ಇಲ್ಲ ಭಾವ, ಇವನು ಹೇಳಿದ್ದು ಕೇಳಿ ನನಗೂ ಯಾಕೋ ಅನುಮಾನ ಬಂತು. ನಮ್ಮ ಕಡೆ ರಸ್ತೆಯೆಲ್ಲ ಜಲ್ಲಿಯೇ ಅಲ್ವಾ? ಬೇಡ ಬಿಡಿ" ಎಂದರು.

ಇಬ್ಬರೂ ಒಬ್ಬರಿಗೊಬ್ಬರು ಕೈ ಮುಗಿದು, ಅತ್ಯಂತ ಸ್ನೇಹದಿಂದ, ಅತ್ತ ಒಬ್ಬರು ಇತ್ತ ಒಬ್ಬರು ಹೊರಟುಹೋದರು. ರಾಯರು ಖಾಲಿ ಲೋಟಗಳ ಮುಂದೆ ಕೂತೇ ಇದ್ದರು. ಮೊದಲೂ ಒಬ್ಬ ಬೇಕು, ಒಬ್ಬ ಬೇಡ. ಈಗಲೂ ಒಬ್ಬ ಬೇಕು, ಒಬ್ಬ ಬೇಡ. ಹೋಗಿದ್ದು ಟೀ ಮಾತ್ರ.

"ಸಭೆ ಏನು ತೀರ್ಮಾನ ಮಾಡ್ತು?" ಎಂದು ಅಡುಗೆಮನೆಯಿಂದ ಧ್ವನಿ ಬಂತು.

"ಇಬ್ರೂ ಒಪ್ಕೊಂಡ್ರು" ಎಂದರು ರಾಯರು.

"ಏನಂತ?"

"ಇಬ್ರೂ ಇನ್ನೊಬ್ರು ಹೇಳಿದ್ದು ಸರಿ ಅಂತ."

ಅದಾದ ಎರಡು ದಿನಕ್ಕೆ ಗಂಡ ಹೆಂಡತಿ ಗಾಡಿ ಅಂಗಡಿಗೆ ಹೋದರು. (ರಾಯರು ಸೊಟ್ಟ ಗಾಡಿಯಲ್ಲಿ, ಕತ್ತರಿಯಮ್ಮ ಬಸ್ಸಿನಲ್ಲಿ. ಆಕೆಯೇ ಮೊದಲು ತಲುಪಿದರು.) ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿಯೊಬ್ಬಳು ಒಂದೇ ಬಣ್ಣದ ಎರಡು ಗಾಡಿಗಳನ್ನು ತೋರಿಸಿದಳು. ಒಂದಕ್ಕೆ ಎಬಿಎಸ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ರಾಯರು ಎರಡನ್ನೂ ಮೂರು ಸುತ್ತು ಬಂದರು. ಅವಳಿ ಮಕ್ಕಳ ಹಾಗಿದ್ದವು.

"ಸರ್, ನೀವು ಗಾಬರೀಲಿ ಬ್ರೇಕ್ ಗಟ್ಟಿಯಾಗಿ ಹಿಡಿದ್ರೆ ಚಕ್ರ ನಿಂತುಬಿಡುತ್ತೆ, ಗಾಡಿ ಮಾತ್ರ ಜಾರ್ತಾ ಇರುತ್ತೆ ಅಲ್ವಾ? ಇದ್ರಲ್ಲಿ ಹಾಗಾಗಲ್ಲ. ಚಕ್ರ ಇನ್ನೇನು ಸಿಕ್ಕಿಕೊಳ್ಳುತ್ತೆ ಅನ್ನೋವಾಗ ಇದು ತಾನಾಗೇ ಬ್ರೇಕನ್ನ ಚೂರು ಸಡಿಲ ಬಿಡುತ್ತೆ, ಮತ್ತೆ ಹಿಡಿಯುತ್ತೆ, ಮತ್ತೆ ಬಿಡುತ್ತೆ. ಕಣ್ಣು ಮಿಟುಕಿಸೋದ್ರೊಳಗೆ ಎಷ್ಟೋ ಸಲ."

"ತಡೀರಿ. ನಾನು ಹಿಡಿದಿದ್ರೂ ಅದು ಬಿಡುತ್ತಾ?"

"ಹೌದು ಸರ್."

"ನನ್ನನ್ನ ಕೇಳದೆ?"

"ಕೇಳ್ತಾ ಕೂತ್ರೆ ಬಿದ್ದುಹೋಗ್ತೀರಲ್ಲ ಸರ್."

"ಕೇಳಿಸ್ಕೊಂಡ್ರಾ?" ಎಂದರು ಕತ್ತರಿಯಮ್ಮ. ರಾಯರು ಎಬಿಎಸ್ ಗಾಡಿ ಹತ್ತಿ ಕೀಲಿ ತಿರುಗಿಸಿದರು. ಮುಂದುಗಡೆ ಒಂದು ಹಳದಿ ದೀಪ ಹತ್ತಿಕೊಂಡಿತು.

"ನೋಡಿ, ಹೊಸದರಲ್ಲೇ ಕೆಟ್ಟಿದೆ."

"ಇಲ್ಲ ಸರ್, ನಿಂತಿರೋವಾಗ ಹತ್ತಿರುತ್ತೆ. ಓಡಿಸಿದ್ರೆ ಆರುತ್ತೆ."

"ಆರಿದ್ರೆ?"

"ಸರಿಯಾಗಿದೆ ಅಂತ."

"ದೀಪ ಹತ್ತಿದ್ರೆ ಸರಿ ಅಂತ ಕೇಳಿದ್ದೆ. ಆರಿದ್ರೆ ಸರಿಯಾ!" ರಾಯರ ಮುಖ ನೋಡಿದರೆ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ ಮಗುವಿನಂತಿತ್ತು. "ಆಯ್ತು, ಹಿತ್ತಲಲ್ಲಿ ಒಂದು ಸುತ್ತು ಹೊಡೀತೀನಿ."

"ಸರ್, ಇನ್ನೊಂದು ವಿಷಯ, ಬ್ರೇಕ್ ಹಿಡಿದಾಗ..." ಎನ್ನುವಷ್ಟರಲ್ಲಿ ರಾಯರು ಹೊರಟಾಗಿತ್ತು.

ಅಂಗಡಿಯ ಹಿತ್ತಲಲ್ಲಿ ಗಾಡಿ ತೊಳೆಯುವ ಸಿಮೆಂಟಿನ ಅಂಗಳವಿತ್ತು. ಸೋಪಿನ ನೀರು ಹರಿದು ನುಣ್ಣಗಾಗಿತ್ತು. ಪರೀಕ್ಷೆ ಮಾಡಿದರೆ ಇಲ್ಲೇ ಮಾಡಬೇಕು ಎಂದು ರಾಯರು ವೇಗವಾಗಿ ಬಂದು, ಹೆಂಡತಿಯ ಮುಂದೆ ಬಂದಾಗ ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದರು.

ಬ್ರೇಕಿನ ಹಿಡಿ ಅವರ ಬೆರಳೊಳಗೆ ಗಡಗಡಗಡ ಎಂದು ನಡುಗಿತು.

ಈಗ ರಾಯರ ಕಸುಬಿನ ಒಂದು ಗುಟ್ಟು ಹೇಳಬೇಕು. ಹೊಲಿಗೆ ಮೆಷಿನ್ ರಿಪೇರಿಯವರಿಗೆ ಗುರು ಮೊದಲ ದಿನ ಕಲಿಸುವುದೇ ಒಂದು: ಮೆಷಿನ್ ನಡುಗಿದರೆ ಮೊದಲು ಕೈ ತೆಗೆ. ಆಮೇಲೆ ಯೋಚನೆ ಮಾಡು. ಕೈ ತೆಗೆಯದವನ ಬೆರಳಿಗೆ ಸೂಜಿ. ಮೂವತ್ತು ವರ್ಷದಲ್ಲಿ ಈ ಪಾಠ ರಾಯರ ತಲೆಯಿಂದ ಇಳಿದು ಮೊಣಕೈಯಲ್ಲಿ ಮನೆ ಮಾಡಿತ್ತು. ಹಿಡಿ ನಡುಗಿತು, ರಾಯರ ಕೈ, ರಾಯರನ್ನು ಒಂದು ಮಾತೂ ಕೇಳದೆ, ಬಿಟ್ಟೇಬಿಟ್ಟಿತು.

ನಿಲ್ಲಬೇಕೆಂದು ಅರ್ಧ ಮನಸ್ಸು ಮಾಡಿದ್ದ ಗಾಡಿ ಮನಸ್ಸು ಬದಲಾಯಿಸಿತು. ನೇರವಾಗಿ ಹೋಗಿ, ನೀರಿನ ಪೈಪು ದಾಟಿ, ಗೋಡೆಗೆ ಒರಗಿಸಿಟ್ಟಿದ್ದ ಹಳೆ ಟಯರುಗಳ ರಾಶಿಗೆ ಮೂತಿ ತೂರಿಸಿ ನಿಂತಿತು. ಮೇಲಿದ್ದ ಟಯರೊಂದು ಉರುಳಿ ಬಂದು ರಾಯರ ಕೊರಳಿಗೆ ಹಾರದಂತೆ ಬಿತ್ತು.

"ಬ್ರೇಕು ಕೆಟ್ಟಿದೆ!" ಎಂದು ಕೂಗಿದರು ರಾಯರು, ಟಯರಿನೊಳಗಿಂದ. "ನಡುಗ್ತಾ ಇತ್ತು! ನಾನು ಹೇಳ್ಲಿಲ್ವಾ, ಈ ಎಬಿಎಸ್ ಅಪಾಯ ಅಂತ!"

"ಅದೇ ಸರ್ ಎಬಿಎಸ್ಸು" ಎಂದಳು ಹುಡುಗಿ. "ಅದು ಕೆಲಸ ಮಾಡೋವಾಗ ಹಾಗೇ ನಡುಗುತ್ತೆ. ನೀವು ಹಿಡ್ಕೊಂಡೇ ಇರ್ಬೇಕಿತ್ತು. ಅದನ್ನೇ ಹೇಳೋಕೆ ಬಂದೆ."

ಕತ್ತರಿಯಮ್ಮ ಬಗ್ಗಿ, ಸೋಪಿನ ನೀರಿನಲ್ಲಿ ಗಾಡಿ ಬಂದ ಗುರುತನ್ನು ನೋಡಿದರು. ಚಕ್ರದ ಗೆರೆ ಟೇಪು ಹಿಡಿದು ಎಳೆದಂತೆ ನೇರವಾಗಿತ್ತು. ಎಲ್ಲೂ ಜಾರಿರಲಿಲ್ಲ.

"ಗಾಡಿ ಸರಿ ಇದೆಯಮ್ಮಾ, ಇದನ್ನೇ ಕೊಡು" ಎಂದರು. ಆಮೇಲೆ ಗಂಡನ ಕಡೆ ತಿರುಗಿ, "ಕೈ ಸರಿ ಇಲ್ಲ. ಬಿಡದೇ ಇರೋದನ್ನ ಕಲಿಯೋವರೆಗೂ ನಾನು ಹಿಂದೆ ಕೂರಲ್ಲ" ಎಂದರು.

ಹೀಗೆ ಗಾಡಿ ಮನೆಗೆ ಬಂತು. ಸೀಟು ಖಾಲಿಯೇ ಉಳಿಯಿತು.

ರಾಯರಿಗೆ ಈಗ ಮೊದಲಿಗಿಂತ ಹೆಚ್ಚು ಗೊಂದಲ. ಬ್ರೇಕ್ ಒಳ್ಳೆಯದಾದರೆ ತಾನೇಕೆ ಟಯರಿನೊಳಗೆ ಹೋದೆ? ಕೆಟ್ಟದ್ದಾದರೆ ಗೆರೆ ಯಾಕೆ ನೇರವಾಗಿತ್ತು? ಬ್ರೇಕ್ ಒಳ್ಳೆಯದು, ಆದರೆ ತನಗಲ್ಲವೇ? ಅಥವಾ ತಾನು ಒಳ್ಳೆಯವನು, ಆದರೆ ಬ್ರೇಕಿಗಲ್ಲವೇ? ಯೋಚಿಸಿದಷ್ಟೂ ದಾರ ಬಾಬಿನ್ನಿಗೆ ಅಡ್ಡಾದಿಡ್ಡಿ ಸುತ್ತಿಕೊಂಡಂತೆ ಸಿಕ್ಕಾಯಿತು. ಆದರೆ ಎಡಗಿವಿ ಬೆಳಗ್ಗೆ ಎಂಟೂವರೆಯಾದರೆ ಸಾಕು, ಬಿಕೋ ಅನ್ನುತ್ತಿತ್ತು. ಕಲಿಯದೆ ಗತಿಯಿರಲಿಲ್ಲ.

ಅಭ್ಯಾಸ ಶುರುವಾಯಿತು. ಬೆಳಗ್ಗೆ ಆಟದ ಮೈದಾನದಲ್ಲಿ ಲಾರಿ ಭಾವ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕಲ್ಲಿನ ಮೇಲೆ ಕೂರುವುದು, ರಾಯರು ದೂರದಿಂದ ಬಂದು ಬ್ರೇಕ್ ಹಿಡಿಯುವುದು, ಗಡಗಡ ಎಂದ ಕೂಡಲೇ ಭಾವ, "ಬಿಡ್ಬೇಡಿ ಭಾವ! ಪ್ರಾಣ ಹೋದ್ರೂ ಬಿಡ್ಬೇಡಿ!" ಎಂದು ಕಿರುಚುವುದು. ಮೊದಲ ಮೂರು ದಿನ ರಾಯರು ಬಿಟ್ಟರು. ಒಂದು ದಿನ ಗೋಲಿನ ಕಂಬಗಳ ಮಧ್ಯೆ ನುಗ್ಗಿದಾಗ ಅಲ್ಲಿ ಆಡುತ್ತಿದ್ದವರು ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಕತ್ತರಿಯಮ್ಮ ಬೇರೆ ಪಾಠ ಇಟ್ಟಿದ್ದರು. ಮಿಕ್ಸಿ ಓಡುವಷ್ಟು ಹೊತ್ತೂ ರಾಯರು ಅದರ ಮುಚ್ಚಳವನ್ನು ಅಮುಕಿ ಹಿಡಿದು ನಿಲ್ಲಬೇಕು.

"ಕೈ ನಡುಗ್ತಿದೆ ಕಣೇ, ಸಾಕು."

"ನಡುಗ್ಲಿ. ಹಿಡೀರಿ. ನಾವು ಹೆಂಗಸ್ರು ಮೆಷಿನ್ ನಡುಗ್ತು ಅಂತ ಬಟ್ಟೆ ಬಿಟ್ಟು ಎದ್ದು ಹೋಗ್ತೀವಾ?"

"ಇನ್ನೆಷ್ಟು ಹೊತ್ತು?"

"ನುಣ್ಣಗಾಗೋವರೆಗೆ."

ಮಿಕ್ಸಿಯಲ್ಲಿದ್ದದ್ದೋ ತಾವೋ, ಯಾವುದು ನುಣ್ಣಗಾಗಬೇಕು ಎಂದು ಕೇಳುವ ಧೈರ್ಯ ರಾಯರಿಗಾಗಲಿಲ್ಲ. ಹೀಗೆ ಒಂಬತ್ತು ದಿನ. ಹತ್ತನೆಯ ಬೆಳಗ್ಗೆ ಕತ್ತರಿಯಮ್ಮ ಖುದ್ದಾಗಿ ಮೈದಾನಕ್ಕೆ ಬಂದು, ಕೈ ಕಟ್ಟಿ ನಿಂತು ಪರೀಕ್ಷೆ ಮಾಡಿದರು. ರಾಯರು ಒದ್ದೆ ಹುಲ್ಲಿನ ಮೇಲೆ ಹಿಡಿದರು, ನಿಂತಿತು. ಮಣ್ಣಿನ ಮೇಲೆ ಹಿಡಿದರು, ನಿಂತಿತು. ಜಲ್ಲಿಯ ಮೇಲೆ ಹಿಡಿದರು, ಸ್ವಲ್ಪ ದೂರ ಹೋಯಿತು, ಆದರೂ ನೆಟ್ಟಗೆ ನಿಂತಿತು. ಕೈ ಬಿಡಲಿಲ್ಲ.

"ಸಂಜೆ ಕಾರ್ಖಾನೆ ಹತ್ರ ಬನ್ನಿ. ನಿಮ್ಮ ಜೊತೇಲೇ ಬರ್ತೀನಿ" ಎಂದರು ಕತ್ತರಿಯಮ್ಮ. ಹಾಗೆನ್ನುವಾಗ ನಕ್ಕಿದ್ದರು ಕೂಡ.

ರಾಯರು ಮಧ್ಯಾಹ್ನವೇ ಸ್ನಾನ ಮಾಡಿ, ತುಂಬುತೋಳಿನ ಹೊಸ ಅಂಗಿ ತೊಟ್ಟು, ಬೇಗನೇ ಕಾರ್ಖಾನೆಗೆ ಹೋದರು. ಒಳಗೆ ಉದ್ದನೆಯ ಹಾಲಿನಲ್ಲಿ ಮೂವತ್ತು ಮೆಷಿನ್ನುಗಳು ಗೊರ್ ಎನ್ನುತ್ತಿದ್ದವು. ಕೆಲಸದ ಉಸ್ತುವಾರಿ ನೋಡುವ ಹೆಂಗಸು, ಎಲ್ಲರೂ ದೊಡ್ಡಕ್ಕ ಎನ್ನುವಾಕೆ, ರಾಯರನ್ನು ಕಂಡದ್ದೇ ಕರೆದರು.

"ಒಳ್ಳೇ ಹೊತ್ತಿಗೆ ಬಂದ್ರಿ ರಾಯರೇ. ಮೂಲೆ ಮೆಷಿನ್ನು ಒಂದೇ ಸಮ ನಡುಗ್ತಿದೆ. ಒಂದ್ಸಲ ಕೈ ಇಟ್ಟು ನೋಡಿ."

ರಾಯರು ರಾಜಗಾಂಭೀರ್ಯದಿಂದ ನಡೆದು ಹೋಗಿ ಮೆಷಿನ್ನಿನ ಮುಂದೆ ಕೂತರು. ಸೂಜಿಯ ಕೆಳಗೆ ಅರ್ಧ ಹೊಲಿದ ನೀಲಿ ಲಂಗವಿತ್ತು. ಅತ್ತ ಮೇಜಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಹೆಂಡತಿ ನೋಡುತ್ತಿದ್ದಾರೆಂದು ಗೊತ್ತಿತ್ತು. ಬಲಗೈಯಿಂದ ಬಟ್ಟೆ ಹಿಡಿದು ಪೆಡಲ್ ಒತ್ತಿದರು. ಮೆಷಿನ್ನು ಗಡಗಡಗಡ ಎಂದು ನಡುಗಿತು.

ಒಂಬತ್ತು ದಿನದ ಪಾಠ ವ್ಯರ್ಥವಾಗಲಿಲ್ಲ. ರಾಯರ ಕೈ ಬಿಡಲಿಲ್ಲ. ಇನ್ನೂ ಬಿಗಿಯಾಗಿ ಹಿಡಿಯಿತು. ಕೈ ಬಿಗಿದಂತೆ ಕಾಲೂ ಬಿಗಿಯಿತು. ಕಾಲು ಬಿಗಿದಂತೆ ಮೆಷಿನ್ನು ಓಡಿತು.

"ಅಯ್ಯೋ, ಬಿಡ್ರೀ!" ಎಂದು ಕೂಗಿದರು ಕತ್ತರಿಯಮ್ಮ.

ರಾಯರು ಹಲ್ಲು ಕಚ್ಚಿ ಹಿಡಿದರು. ಲಂಗ ಸರಸರನೆ ಮುಂದೆ ಹೋಯಿತು, ಅದರ ಜೊತೆಗೆ ಹೊಸ ಅಂಗಿಯ ಬಲತೋಳೂ ಹೋಯಿತು. ಯಾರೋ ಓಡಿ ಹೋಗಿ ಮೇನ್ ಸ್ವಿಚ್ ಆರಿಸಿದಾಗ ಮೂವತ್ತು ಮೆಷಿನ್ನುಗಳೂ ನಿಂತು, ಹಾಲಿನಲ್ಲಿ ನಿಶ್ಶಬ್ದವಾಯಿತು. ಮಣಿಕಟ್ಟಿನಿಂದ ಮೊಣಕೈವರೆಗೆ ರಾಯರು ನೀಲಿ ಲಂಗಕ್ಕೆ ಅಚ್ಚುಕಟ್ಟಾದ ಜೋಡಿ ಹೊಲಿಗೆಯಲ್ಲಿ ಸೇರಿಹೋಗಿದ್ದರು. ಚರ್ಮಕ್ಕೆ ಸೂಜಿ ತಾಗಿರಲಿಲ್ಲ. ಮಾನಕ್ಕೆ ತಾಗಿತ್ತು.

ಮೂವತ್ತು ಹೆಂಗಸರು ಒಟ್ಟಿಗೆ ನಕ್ಕರೆ ಎಷ್ಟು ಸದ್ದಾಗುತ್ತದೆ ಎಂಬುದು ರಾಯರಿಗೆ ಅಂದು ತಿಳಿಯಿತು.

"ರಿಪೇರಿ ಮಾಡೋರೇ ಹೊಲಿಸ್ಕೊಂಡ್ರಲ್ಲಪ್ಪಾ!" ಎಂದಳೊಬ್ಬಳು.

"ಲಂಗ ನಾಳೆ ಹೋಗ್ಬೇಕು, ಅದಕ್ಕೆ ಕತ್ತರಿ ತಾಗಿಸ್ಬೇಡಿ" ಎಂದರು ದೊಡ್ಡಕ್ಕ, ಕಣ್ಣೊರೆಸಿಕೊಳ್ಳುತ್ತ.

ಹಾಗಾಗಿ ಅಂಗಿಯ ತೋಳಿಗೆ ಕತ್ತರಿ ಬಿತ್ತು. ಬೇರೆ ಯಾರೂ ಅಲ್ಲ, ಕತ್ತರಿಯಮ್ಮನೇ ಭುಜದ ಹತ್ತಿರ ನೇರವಾಗಿ, ಒಂದೇ ಏಟಿಗೆ, ಕತ್ತರಿಸಿದರು.

"ನಡುಗಿದ್ರೆ ಕೈ ತೆಗೀಬೇಕು ಅಂತ ನಿಮಗೆ ಗೊತ್ತಿರ್ಲಿಲ್ವಾ?" ಎಂದರು ಮೆಲ್ಲಗೆ.

"ನೀನೇ ಅಲ್ಲವೇನೇ ಬಿಡ್ಬೇಡಿ ಅಂದಿದ್ದು?"

"ಅದು ಗಾಡಿಗೆ."

"ಗಾಡಿ ಯಾವುದು, ಮೆಷಿನ್ನು ಯಾವುದು ಅಂತ ಕೈಗೆ ಹೆಂಗೇ ಗೊತ್ತಾಗುತ್ತೆ?" ಎಂದರು ರಾಯರು. ಅವರ ಧ್ವನಿ ಅಳುವಂತಿತ್ತು.

ಆದರೆ ಕೊಟ್ಟ ಮಾತು ಮಾತೇ. ಒಂದು ತೋಳಿನ ಅಂಗಿಯ ಗಂಡನ ಹಿಂದೆ, ಇಡೀ ಕಾರ್ಖಾನೆ ಬಾಗಿಲಿಗೆ ಬಂದು ನೋಡುತ್ತಿರುವಾಗ, ಆಕೆ ಗಾಡಿ ಹತ್ತಿದರು. ಭುಜದ ಮೇಲೆ ಕೈಯಿಟ್ಟರು. ಮೊದಲ ತಿರುವು ದಾಟುತ್ತಲೇ ಕಿವಿಯ ಹತ್ತಿರ ಬಾಯಿ ಬಂತು. ಬಸ್ಸಿನಲ್ಲಿ ಓಡಾಡಿದ ಇಷ್ಟೂ ದಿನದ ಸುದ್ದಿ, ಒಂದೂ ಬಿಡದೆ, ಶುರುವಿನಿಂದ ಹರಿಯತೊಡಗಿತು. ರಾಯರು "ಹೂಂ" ಎಂದರು. ಬರಿದಾದ ತೋಳಿಗೆ ಗಾಳಿ ತಣ್ಣಗೆ ತಾಗುತ್ತಿತ್ತು. ಲಂಗಕ್ಕೆ ಹೊಲಿಸಿಕೊಂಡದ್ದೂ ಲಾಭವೇ ಅನ್ನಿಸಿತು.

ದೊಡ್ಡ ಸಿಗ್ನಲ್ಲಿನ ಹತ್ತಿರ ಹಳೆ ಪೇಪರು ತುಂಬಿದ ಕೈಗಾಡಿಯೊಂದು ಇದ್ದಕ್ಕಿದ್ದಂತೆ ಅಡ್ಡ ಬಂತು.

ರಾಯರು ಹಿಡಿದರು. ಹಿಡಿ ಗಡಗಡ ನಡುಗಿತು. ಕೈ ಬಿಡಲಿಲ್ಲ. ಗಾಡಿ ಒಂದಿಂಚೂ ಅತ್ತಿತ್ತ ಆಗದೆ, ಪೇಪರಿನ ಕಟ್ಟಿಗೆ ಒಂದು ಗೇಣು ದೂರದಲ್ಲಿ, ಬೊಟ್ಟಿಟ್ಟಂತೆ ನಿಂತಿತು. ಎಂಜಿನ್ನೂ ನಿಂತಿತು. ಕೈಗಾಡಿಯವನು ಬೈಯಲು ಬಾಯಿ ತೆರೆದವನು, ಬೈಯುವಂಥದ್ದೇನೂ ಆಗಲಿಲ್ಲವೆಂದು ಬಾಯಿ ಮುಚ್ಚಿ ಮುಂದೆ ಹೋದ.

ಹಸಿರು ದೀಪ ಬಂತು. ರಾಯರು ಹೊರಡಲಿಲ್ಲ. ಹಿಂದೆ ಹಾರನ್ನುಗಳು ಶುರುವಾದವು.

"ಹೊರಡ್ರೀ."

"ಹೂಂ."

"ಬ್ರೇಕ್ ಬಿಡಿ."

"ಬಿಡೋಣ ಅಂತ್ಲೇ ನೋಡ್ತಿದೀನಿ ಕಣೇ" ಎಂದರು ರಾಯರು ಕ್ಷೀಣ ಸ್ವರದಲ್ಲಿ. "ಈ ಕೈಯೇ ಬಿಡ್ತಾ ಇಲ್ಲ."

ಹಸಿರು ಹೋಗಿ ಮತ್ತೆ ಕೆಂಪು ಬಂತು. ಬಸ್ಸಿನವನು ತಲೆ ಹೊರಗೆ ಹಾಕಿ ಕೂಗಿದ. ಕತ್ತರಿಯಮ್ಮ ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಗಂಡನ ಕಂಕುಳ ಕೆಳಗಿನಿಂದ ಕೈ ಚಾಚಿ, ಬ್ರೇಕಿಗೆ ಅಂಟಿದ್ದ ಬೆರಳುಗಳನ್ನು ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸಿದರು. ಬಿಡಿಸುತ್ತಲೇ ಕಿವಿಯಲ್ಲಿ ಪ್ರೀತಿಯಿಂದ ಹೇಳಿದರು:

"ಎಬಿಎಸ್ ತಗೊಂಡಿದ್ದು ಒಳ್ಳೇದಾಯ್ತು ಕಣ್ರೀ. ಯಾವಾಗ ಹಿಡೀಬೇಕು, ಯಾವಾಗ ಬಿಡ್ಬೇಕು ಅಂತ ಗಾಡಿಗಾದ್ರೂ ಗೊತ್ತಿದೆ."